ಪೇಪರ್ ಮೇಷ್ಟ್ರು ಹೋದರು. ನೆನಪಿದ್ದವರು ಬರೆಯಿರಿ

ಸುಣ್ಣದಗೆರೆ (ಗುರುವಾರ, ರಾತ್ರಿ 9:10)

ಇನ್ನೂ ಗೊತ್ತಾಗದವರಿಗಾಗಿ ಹೇಳುತ್ತಿದ್ದೇನೆ. ಮಂಗಳವಾರ ಬೆಳಗಿನ ಜಾವ ನಮ್ಮ ಪೇಪರ್ ಮೇಷ್ಟ್ರು ತೀರಿಕೊಂಡರು. ಎಪ್ಪತ್ತಾರು ವರ್ಷ. ಹೆಸರು, ಫೋಟೋ ಎಲ್ಲೂ ಹಾಕಬೇಡಿ ಅಂತ ಮನೆಯವರು ಕೇಳಿಕೊಂಡಿದ್ದಾರೆ, ಹಾಗಾಗಿ ಇಲ್ಲೂ ಹಾಕುತ್ತಿಲ್ಲ. ಹಾಗೆ ನೋಡಿದರೆ ಊರಿನ ಅರ್ಧ ಜನಕ್ಕೆ ಅವರ ನಿಜವಾದ ಹೆಸರು ಗೊತ್ತಾದದ್ದೇ ಬಸ್ ಸ್ಟ್ಯಾಂಡಿನಲ್ಲಿ ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಿದ ಮೇಲೆ.

ಮೇಷ್ಟ್ರು ಅಂತ ಕರೆಯುತ್ತಿದ್ದರೂ ಅವರು ಯಾವ ಶಾಲೆಯಲ್ಲೂ ಒಂದು ದಿನ ಪಾಠ ಮಾಡಿದವರಲ್ಲ. ಬೆಳಗ್ಗೆ ಪೇಪರ್ ಏಜೆನ್ಸಿ, ಮಧ್ಯಾಹ್ನ ತಾಲ್ಲೂಕು ಆಫೀಸು, ಆಸ್ಪತ್ರೆ, ಸ್ಟೇಷನ್ನು ಸುತ್ತಿ ಸುದ್ದಿ, ಸಂಜೆ ನಾಲ್ಕೂವರೆಗೆ ಹೈಸ್ಕೂಲ್ ಮೈದಾನದಲ್ಲಿ ಖೋ ಖೋ. 1982ರಿಂದ ಹೆಚ್ಚುಕಡಿಮೆ 2017ರವರೆಗೆ ಇದೇ ದಿನಚರಿ. ಮೂರರಲ್ಲಿ ಹೇಳಿಕೊಳ್ಳುವಷ್ಟು ದುಡ್ಡು ಹುಟ್ಟುತ್ತಿದ್ದದ್ದು ಮೊದಲನೆಯದರಲ್ಲಿ ಮಾತ್ರ. ಅದರಲ್ಲೂ ಬಾಕಿ ಉಳಿಸಿಕೊಂಡವರೇ ಜಾಸ್ತಿ (ನಮ್ಮಪ್ಪನೂ ಸೇರಿ).

ಬರುವ ಭಾನುವಾರ ಹಳಬರೆಲ್ಲ ಮೈದಾನದಲ್ಲಿ ಸೇರಿ ಒಂದು ಆಟ ಆಡೋಣ ಅಂತಿದೆ. ಅಷ್ಟರೊಳಗೆ ನಿಮಗೆ ನೆನಪಿರೋದನ್ನೆಲ್ಲ ಇಲ್ಲಿ ಹಾಕಿ. ಹೊಗಳಿಕೆ ಮಾತ್ರವೇ ಬೇಕಂತಿಲ್ಲ.

ಪೋಲ್‌ಡೈವ್_85 (9:32)

ಅಯ್ಯೋ. ನನಗೆ ಈಗಲೇ ಗೊತ್ತಾದದ್ದು.

ನಾನು ಅವರ ಪೇಪರ್ ಹುಡುಗ. 1985ರಿಂದ 88. ತಂಡಕ್ಕೆ ಸೇರಬೇಕು ಅಂತ ಹೋದರೆ ಮೇಷ್ಟ್ರು ಕೇಳಿದ ಮೊದಲ ಪ್ರಶ್ನೆ "ಸೈಕಲ್ ಇದೆಯೇನೋ?" ಅಷ್ಟೇ. ಮಾರನೇ ದಿನ ಬೆಳಗ್ಗೆ ನಾಲ್ಕೂಮುಕ್ಕಾಲಿಗೆ ಬಸ್ ಸ್ಟ್ಯಾಂಡಿನಲ್ಲಿ ಇರಬೇಕು. ಬಂಡಲ್ ಇಳಿಸಬೇಕು, ಎಣಿಸಬೇಕು, ಪುರವಣಿ ಇದ್ದ ದಿನ ಅದನ್ನು ಒಳಗೆ ಸೇರಿಸಬೇಕು. ಎಂಬತ್ತು ಮನೆಗೆ ಹಾಕಿ ಬಂದವನಿಗೆ ಸಂಜೆ ಬೇರೆ ವಾರ್ಮ್ ಅಪ್ ಯಾಕೆ ಅಂತಿದ್ರು. ಈಗಿನ ಕಾಲದಲ್ಲಾಗಿದ್ರೆ ಕಾರ್ಮಿಕ ಇಲಾಖೆಯವರು ಬಂದು ಹಿಡ್ಕೊಂಡು ಹೋಗ್ತಿದ್ರು ಅನ್ನಿಸುತ್ತೆ. ಆದ್ರೆ ತಿಂಗಳಿಗೆ ಅರವತ್ತು ರೂಪಾಯಿ ಕೈಗೆ ಬರ್ತಿತ್ತು. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುಲ್ಕ ನಾನೇ ಕಟ್ಟಿದ್ದು ಅದರಲ್ಲೇ.

ಸಂಜೆಯದ್ದು ಇನ್ನೊಂದು ಕಥೆ. ಆಗ ಸುದ್ದಿ ಕಳಿಸೋಕೆ ಎರಡೇ ದಾರಿ. ಅವಸರದ್ದಾದ್ರೆ ಪೋಸ್ಟಾಫೀಸಿನಿಂದ ಪ್ರೆಸ್ ಟೆಲಿಗ್ರಾಂ, ಉಳಿದದ್ದಕ್ಕೆ ಕವರು. ಉದ್ದ ಹಾಳೆಯಲ್ಲಿ ಒಂದೇ ಮಗ್ಗುಲಿಗೆ ಬರೆದು, ಮಡಿಚಿ ಕವರಿಗೆ ಹಾಕಿ, ಶಿವಮೊಗ್ಗದ ಬಸ್ಸಿನ ಡ್ರೈವರ್ ಕೈಗೆ ಕೊಡಬೇಕು. ಬಸ್ಸು ಐದೂ ಹತ್ತಕ್ಕೆ. ಮೇಷ್ಟ್ರು ನಮ್ಮನ್ನು ಆಡಿಸ್ತಾನೇ ತೊಡೆ ಮೇಲೆ ಹಲಗೆ ಇಟ್ಕೊಂಡು ಬರೀತಿದ್ರು. ಐದು ಗಂಟೆಗೆ ಕವರ್ ಅಂಟಿಸಿ "ಯಾರೋ ಹೋಗ್ತೀರ?" ಅಂತಿದ್ರು. ಮೈದಾನದಿಂದ ಬಸ್ ಸ್ಟ್ಯಾಂಡ್ ಮುಕ್ಕಾಲು ಕಿಲೋಮೀಟರ್. ಸೈಕಲ್ ಮುಟ್ಟೋ ಹಂಗಿಲ್ಲ, ಓಡಬೇಕು. ಬಸ್ಸು ತಪ್ಪಿಸಿದವನು ಮುಂದಿನ ಪಂದ್ಯದಲ್ಲಿ ಎಕ್ಸ್‌ಟ್ರಾ. ನನಗೆ ಮೊದಲ ಬ್ಯಾಚಿನಲ್ಲಿ (ಮೊದಲು ಓಡೋಕೆ ಇಳಿಯೋ ಮೂವರಲ್ಲಿ) ಜಾಗ ಸಿಕ್ಕಿದ್ದು ಪೋಲ್ ಡೈವ್‌ನಿಂದ, ಅಂದ್ರೆ ಕಂಬ ಹಿಡಿದು ಹಾರಿ ಔಟ್ ಮಾಡೋದ್ರಿಂದ, ಅಂತ ಎಲ್ಲರೂ ತಿಳ್ಕೊಂಡಿದಾರೆ. ಅಲ್ಲ, ಡಿಪೋ ತಿರುವಿನಲ್ಲಿ ಬಸ್ಸಿಗೆ ಅಡ್ಡ ನಿಂತಿದ್ದಕ್ಕೆ.

ಮಸ್ಕತ್ ಮಾವ (9:58)

ಪೋಲ್ ವಿಷಯ ಬಂತಲ್ಲ, ಅದನ್ನು ಹೇಳಲೇಬೇಕು. ಶಾಲೆಯಲ್ಲಿ ಸರಿಯಾದ ಕಂಬ ಇರಲಿಲ್ಲ. ಮೇಷ್ಟ್ರು ಯಾರದ್ದೋ ತೋಟದಿಂದ ಬಡಕಲು ಅಡಿಕೆ ಮರದ ತುಂಡು ಎರಡು ತರಿಸಿ ನೆಡಿಸಿದ್ರು. ನೆಲದಿಂದ 120 ಸೆಂಟಿಮೀಟರ್ ಅಂತ ಅಳೆದು ಕೊಯ್ಸಿದ್ರು. ಡೈವ್ ಹೊಡೆದು ಕಂಬ ಹಿಡಿದ್ರೆ ಅಂಗೈ ತುಂಬ ಸಿಬರು. ರಾತ್ರಿ ಅವ್ವ ಸೂಜೀಲಿ ತೆಗೀತಾ ಮೇಷ್ಟ್ರಿಗೆ ಹಿಡಿಶಾಪ ಹಾಕ್ತಿದ್ಲು.

ಮಿಡ್ಲ್‌ಬೆಂಚ್ (10:04)

ಮಾವ, ಅದು ಅಡಿಕೆ ಅಲ್ಲ, ನೀಲಗಿರಿ.

ಮಸ್ಕತ್ ಮಾವ (10:06)

ನೀನು ಹುಟ್ಟಿರಲಿಲ್ಲ ಕಣೋ.

ಪೋಲ್‌ಡೈವ್_85 (10:11)

ಇಬ್ರದ್ದೂ ಸರಿ. ಮೊದಲು ಅಡಿಕೆ. ಗೆದ್ದಲು ಹಿಡಿದು ಒಂದು ದಿನ ಹುಡುಗನ ಸಮೇತ ಮುರಿದುಬಿತ್ತು. ಆಮೇಲೆ ನೀಲಗಿರಿ. ಹುಡುಗನಿಗೆ ಏನೂ ಆಗಲಿಲ್ಲ, ಈಗ ಬ್ಯಾಂಕ್ ಮ್ಯಾನೇಜರ್.

ನಂ.7 (10:40)

ನಾನು ಬಾಲಕಿಯರ ತಂಡದಲ್ಲಿದ್ದವಳು, 1995ರಿಂದ 98. ಗಂಡಸರೇ ಮಾತಾಡ್ತಿದೀರಲ್ಲ, ನಮ್ಮದೂ ಸ್ವಲ್ಪ ಕೇಳಿ.

ಹೋಬಳಿ ಮಟ್ಟದಲ್ಲಿ ಗೆದ್ದಾಗ ಮೇಷ್ಟ್ರು ಪೇಪರಿನಲ್ಲಿ ಒಂಬತ್ತೂ ಜನರ ಹೆಸರು ಹಾಕಿಸಿದ್ರು. ಊರಿನ ಹೆಸರಿನ ಸಮೇತ. ಖುಷಿ ಪಡಬೇಕು ತಾನೆ? ನಮ್ಮನೇಲಿ ರಂಪ ಆಯ್ತು. ಹುಡುಗಿ ಹೆಸರು ಪೇಪರಿನಲ್ಲಿ ಬಂದಿದೆ, ಹೋಟೆಲಲ್ಲಿ ಕೂತವರೆಲ್ಲ ಓದ್ತಾರೆ ಅಂತ ದೊಡ್ಡಪ್ಪ ಕೂಗಾಡಿದ್ರು. ಆಟಕ್ಕೇ ಕಳಿಸಲ್ಲ ಅಂದ್ರು. ಅಪ್ಪ ಹೋಗಿ ಮೇಷ್ಟ್ರ ಹತ್ರ ಜಗಳ ಮಾಡಿ ಬಂದ್ರು. ಸರಿ, ತಾಲ್ಲೂಕು ಮಟ್ಟ ಗೆದ್ದಾಗ ಮೇಷ್ಟ್ರು "ಪ್ರೌಢಶಾಲಾ ಬಾಲಕಿಯರ ತಂಡ ಜಯ ಸಾಧಿಸಿತು" ಅಂತ ಒಂದು ಸಾಲು ಹಾಕಿ ಮುಗಿಸಿದ್ರು. ಹೆಸರಿಲ್ಲ. ಉಳಿದ ಎಂಟು ಹುಡುಗಿಯರು ನನ್ನ ಜೊತೆ ಎರಡು ವಾರ ಮಾತು ಬಿಟ್ರು! ಕಡೆಗೆ ಎಂಟು ಹುಡುಗಿಯರ ಅಪ್ಪಂದಿರು ಸೇರಿ ನಮ್ಮ ದೊಡ್ಡಪ್ಪನ ಹತ್ರ ಪಂಚಾಯ್ತಿಗೆ ಬಂದ್ರು, ನಿಮ್ಮಿಂದಾಗಿ ನಮ್ಮ ಮಕ್ಕಳ ಹೆಸರೂ ಹೋಯ್ತಲ್ಲ ಅಂತ.

ಜಿಲ್ಲಾ ಮಟ್ಟದ ಸುದ್ದಿಯಲ್ಲಿ ಎಂಟು ಹೆಸರು ಪೂರ್ತಿ ಬಂತು, ಒಂಬತ್ತನೆಯದಕ್ಕೆ "ಹಾಗೂ ನಂ.7". ಈ ಹೆಸರು ನನಗೆ ಅಂಟಿದ್ದು ಹಂಗೆ. ಈಗ ನಾನು ಪೊಲೀಸ್ ಇಲಾಖೆಯಲ್ಲಿದ್ದೀನಿ, ಠಾಣೆಯಲ್ಲಿ ನನ್ನ ಹಳೇ ಬ್ಯಾಚ್‌ಮೇಟ್ ಒಬ್ಬಳು ಈಗಲೂ ಏಳು ಅಂತಾನೇ ಕರೀತಾಳೆ.

ಹಳೇ ಡೈರಿ (10:52)

97ರ ತಮಾಷೆ ಯಾರೂ ಬರೆದಿಲ್ಲ. ಆ ವರ್ಷ ಆಗಸ್ಟ್ 15ಕ್ಕೆ ಜೆ.ಎಚ್. ಪಟೇಲರ ಸರ್ಕಾರ ದಾವಣಗೆರೆ ಜಿಲ್ಲೆ ಮಾಡಿತಲ್ಲ, ನಮ್ಮ ತಾಲ್ಲೂಕು ಶಿವಮೊಗ್ಗದಿಂದ ಕಿತ್ತು ಅತ್ತ ಸೇರಿತು. ಕ್ರೀಡಾಕೂಟದ ಕಾಲ ಬೇರೆ. ಹದಿನೈದು ವರ್ಷದಿಂದ ಜಿಲ್ಲಾ ಮಟ್ಟ ಅಂದ್ರೆ ಶಿವಮೊಗ್ಗದ ನೆಹರೂ ಕ್ರೀಡಾಂಗಣ, ಎದುರಾಳಿ ಅಂದ್ರೆ ಭದ್ರಾವತಿ ಹುಡುಗರು. ಪ್ರತಿ ಸಲ ಅವರ ಕೈಲಿ ಸೋತು ಬರೋದು. ಇನ್ನು ಭದ್ರಾವತಿ ಕಾಟ ತಪ್ಪಿತು ಅಂತ ನಾವು ಕುಣಿದ್ವಿ. ದಾವಣಗೆರೆಗೆ ಹೋಗಿ ಮೊದಲ ಪಂದ್ಯದಲ್ಲೇ ಇನಿಂಗ್ಸ್ ಸೋಲು. ಬರ್ತಾ ಮೇಷ್ಟ್ರು ಎಲ್ಲರಿಗೂ ಬೆಣ್ಣೆ ದೋಸೆ ಕೊಡಿಸಿ "ಜಿಲ್ಲೆ ಬದಲಾದ್ರೂ ನಾವು ಬದಲಾಗಲಿಲ್ಲ ನೋಡ್ರೋ" ಅಂದ್ರು.

ಅವರ ಕಷ್ಟ ಬೇರೆ ಇತ್ತು. ಕವರ್ ಹೋಗೋ ಬಸ್ಸೇ ಬದಲಾಯ್ತು. ಶಿವಮೊಗ್ಗದಲ್ಲಿ ಅವರ ಅಕ್ಷರ ಓದಿ ಅಭ್ಯಾಸ ಇದ್ದವರು ಇದ್ರು. ದಾವಣಗೆರೆ ಕಡೆಯವರಿಗೆ ಆ ಕೈಬರಹ ಅರ್ಥ ಆಗದೆ ಮೊದಮೊದಲು ಊರುಗಳ ಹೆಸರೆಲ್ಲ ತಪ್ಪಾಗಿ ಬರ್ತಿತ್ತು. ಒಂದು ಹಳ್ಳಿಯಲ್ಲಿ ಆದ ಜಾತ್ರೆ ಇನ್ನೊಂದು ಹಳ್ಳಿಯಲ್ಲಿ ಆಗಿ, ಆ ಊರಿನವರು ನಮ್ಮಲ್ಲಿ ಯಾವಾಗಪ್ಪ ತೇರು ಎಳೆದದ್ದು ಅಂತ ಏಜೆನ್ಸಿಗೇ ಬಂದು ಕೂತಿದ್ರು.

ಹೊಳೆದಂಡೆ (11:25)

ಎಲ್ಲ ಚೆನ್ನಾಗಿದೆ. ಹೊಗಳಿಕೆ ಮಾತ್ರ ಬೇಕಂತಿಲ್ಲ ಅಂದಿದ್ದೀರಿ, ಹಾಗಾಗಿ ಬರೀತಿದ್ದೀನಿ. ಬೇಜಾರು ಮಾಡ್ಕೋಬೇಡಿ.

2007, 2008ರಲ್ಲಿ ನಮ್ಮೂರ ಹತ್ರ ಹೊಳೆಯಲ್ಲಿ ಮರಳು ಹೇಗೆ ತೆಗೀತಿದ್ರು ಅಂತ ಆ ದಂಡೆಯಲ್ಲಿ ಜಮೀನು ಇದ್ದವರಿಗೆ ಗೊತ್ತು. ರಾತ್ರಿಯಿಡೀ ಲಾರಿ. ಹೊಳೆಪಾತ್ರ ಆಳ ಆದಂಗೆ ನಮ್ಮ ಬಾವಿ ಬತ್ತಿದವು, ಪಂಪ್‌ಸೆಟ್ಟಿನ ಫುಟ್‌ವಾಲ್ವ್ ನೀರಿಗೆ ಮುಟ್ತಿರಲಿಲ್ಲ. ನಾನು, ನಮ್ಮಣ್ಣ ಇಬ್ರೂ ಮೇಷ್ಟ್ರ ಹತ್ರ ಮೂರು ಸಲ ಹೋಗಿ ಹೇಳಿದ್ವಿ. "ನೋಡ್ತೀನಿ" ಅಂದ್ರು. ಬರಲಿಲ್ಲ. ಯಾಕೆ ಬರಲಿಲ್ಲ ಅಂದ್ರೆ, ಪ್ರತಿ ವರ್ಷ ಅವರ ಪಂದ್ಯಾವಳಿಗೆ ಕಪ್, ಜೆರ್ಸಿ, ಊಟದ ಖರ್ಚು ಕೊಡ್ತಿದ್ದ ಯಜಮಾನರದ್ದೇ ಆ ಲಾರಿಗಳು. ಹೆಸರು ಬೇಡ, ಅವರೂ ಈಗ ಇಲ್ಲ. ಬ್ಯಾನರಿನಲ್ಲಿ ಅವರ ಫೋಟೋ ಮಧ್ಯದಲ್ಲಿ ಇರ್ತಿತ್ತು, ನೆನಪಿರಬೇಕು.

ಆಟ ಕಲಿಸಿದ್ದು ದೊಡ್ಡದು, ಇಲ್ಲ ಅನ್ನಲ್ಲ. ಆದ್ರೆ ಅವರು ಪತ್ರಕರ್ತರೂ ಆಗಿದ್ರಲ್ಲ.

ಮಸ್ಕತ್ ಮಾವ (11:31)

ಸತ್ತು ಮೂರು ದಿನ ಆಗಿಲ್ಲ. ಇದನ್ನು ಈಗ ಬರೆಯೋದು ಬೇಕಿತ್ತಾ?

ಹೊಳೆದಂಡೆ (11:36)

ಹನ್ನೊಂದನೇ ದಿನಕ್ಕೆ ಬರೆದ್ರೂ ಇದನ್ನೇ ಕೇಳ್ತಿದ್ರಿ ಮಾವ.

ಸುಣ್ಣದಗೆರೆ (11:40)

ಜಗಳ ಬೇಡ. ಕೇಳಬೇಕಾದ ಪ್ರಶ್ನೇನೇ. ಗೊತ್ತಿದ್ದವರು ಯಾರಾದರೂ ಹೇಳಿ.

ಬೈಲೈನ್ ಇಲ್ಲದವನು (ಶುಕ್ರವಾರ, ಬೆಳಗ್ಗೆ 6:15)

ಮೇಷ್ಟ್ರ ನಂತರ ತಾಲ್ಲೂಕಿನ ಸುದ್ದಿ ಬರೆಯುತ್ತಿರುವವನು ನಾನು. ಎರಡು ವಿಷಯ.

ಮೊದಲನೆಯದು ಹೊಳೆದಂಡೆಯವರಿಗೆ. ಮೇಷ್ಟ್ರು ತಾವು ಕಳಿಸಿದ್ದರಲ್ಲಿ ಅಚ್ಚಾದದ್ದನ್ನೆಲ್ಲ ಕತ್ತರಿಸಿ ಲೆಡ್ಜರ್ ಪುಸ್ತಕಕ್ಕೆ ಅಂಟಿಸಿ ಇಡುತ್ತಿದ್ದರು. ಕಾಲಂ ಉದ್ದ ಅಳೆದು ಸಂಭಾವನೆ ಲೆಕ್ಕ ಹಾಕಲು ಅದು ಬೇಕಿತ್ತು. ಸೆಂಟಿಮೀಟರಿಗೆ ಇಷ್ಟು ಪೈಸೆ ಅಂತ ಸಿಗುತ್ತಿದ್ದ ಕಾಲ. ಆ ಪುಸ್ತಕಗಳಲ್ಲಿ ಕೆಲವು ನನ್ನ ಬಳಿ ಇವೆ. ನಿನ್ನೆ ರಾತ್ರಿ ನಿಮ್ಮ ಮಾತು ಓದಿ ನಿದ್ದೆ ಬರಲಿಲ್ಲ, ಎದ್ದು ತೆಗೆದು ನೋಡಿದೆ. 2007 ಇಲ್ಲ. 2008 ಇಲ್ಲ. 2009ರ ಫೆಬ್ರವರಿಯಲ್ಲಿ ಇದೆ. ಎರಡು ಕಾಲಂ, ಹೊಳೆಪಾತ್ರದಲ್ಲಿ ನಿಂತ ಲಾರಿಗಳ ಫೋಟೋ ಸಮೇತ. ಬತ್ತಿದ ಬಾವಿಗಳ ಲೆಕ್ಕ ಇದೆ, ಸರ್ವೆ ನಂಬರ್ ಇದೆ. ಮಾರ್ಚಿನಲ್ಲಿ ಇನ್ನೊಂದು. ನೀವು ಆಗ ಊರು ಬಿಟ್ಟಿದ್ದಿರೋ ಏನೋ.

ಎರಡನೆಯದು ನಮ್ಮ ವೃತ್ತಿಯ ವಿಷಯ. ಮೂವತ್ತೈದು ವರ್ಷ ಬರೆದವರಿಗೆ ಒಂದು ನೇಮಕಾತಿ ಪತ್ರ ಅಂತ ಇರಲಿಲ್ಲ. ಏಜೆಂಟರೇ ವರದಿಗಾರರು, ಗುರುತಿನ ಚೀಟಿ ವರ್ಷವರ್ಷ ನವೀಕರಿಸಿದರೆ ಉಂಟು. ಸರ್ಕಾರದ ಪತ್ರಕರ್ತರ ಮಾಸಾಶನಕ್ಕೆ ಅರ್ಜಿ ಹಾಕಿಸೋಣ ಅಂತ ನಾನೇ ಓಡಾಡಿದೆ. ಪೂರ್ಣಾವಧಿ ಸೇವೆಗೆ ದಾಖಲೆ ತನ್ನಿ ಅಂದರು. ಇಷ್ಟು ಲೆಡ್ಜರ್ ಇದೆಯಲ್ಲ ಸ್ವಾಮಿ, ಇದಕ್ಕಿಂತ ದಾಖಲೆ ಬೇಕೇ ಅಂದೆ. ಇದು ಬರೆದದ್ದಕ್ಕೆ ದಾಖಲೆ, ಕೆಲಸಕ್ಕಿದ್ದದ್ದಕ್ಕಲ್ಲ ಅಂದರು. ಮೇಷ್ಟ್ರಿಗೆ ಬಂದು ಹೇಳಿದರೆ ಗೊಳ್ಳನೆ ನಕ್ಕರು. ನನಗೆ ನಗು ಬರಲಿಲ್ಲ. ಜುಲೈ 1ರ ಪತ್ರಿಕಾ ದಿನಕ್ಕೆ ಪ್ರತಿ ವರ್ಷ ಯಾರಿಗಾದರೂ ಶಾಲು ಹೊದಿಸಿ, 1843ರ ಮಂಗಳೂರ ಸಮಾಚಾರದಿಂದ ಶುರು ಮಾಡಿ ಭಾಷಣ ಮಾಡುತ್ತೇವೆ. ಮೇಷ್ಟ್ರ ಮನೆಯಲ್ಲಿ ಅಂಥ ಶಾಲು ಆರೋ ಏಳೋ ಇದ್ದವು. ಚಳಿಗಾಲದಲ್ಲಿ ಪೇಪರ್ ಹುಡುಗರಿಗೆ ಹೊದೆಯಲು ಕೊಟ್ಟಿದ್ದರು.

ಮಿಡ್ಲ್‌ಬೆಂಚ್ (7:02)

ಒಂದು ನಿಮಿಷ. 2009 ಅಂದ್ರಾ?

ಆ ವರ್ಷ ನಾನು ತಂಡದಲ್ಲಿದ್ದೆ. ಆ ವರ್ಷ ನಮಗೆ ಜೆರ್ಸಿ ಇರಲಿಲ್ಲ! ಎಲ್ಲರೂ ಮನೆಯಿಂದ ಬಿಳಿ ಬನಿಯನ್ ತಂದು, ಬೆನ್ನ ಮೇಲೆ ಸ್ಕೆಚ್ ಪೆನ್ನಿನಲ್ಲಿ ನಂಬರ್ ಬರೆದು ಆಡಿದ್ವಿ. ಹತ್ತು ನಿಮಿಷಕ್ಕೆ ಬೆವರಿಗೆ ಇಂಕು ಇಳಿದು 6 ಯಾವುದು 8 ಯಾವುದು ಗೊತ್ತಾಗದೆ ಅಂಪೈರ್ ಆಟ ನಿಲ್ಲಿಸಿದ್ರು. ಊರ ಪಂದ್ಯಾವಳಿನೂ ಆ ವರ್ಷ ನಡೀಲಿಲ್ಲ. "ಮಳೆ ಜಾಸ್ತಿ" ಅಂದಿದ್ರು ಮೇಷ್ಟ್ರು. ನಾವು ನಂಬಿದ್ವಿ. ಅಂಥ ಮಳೆ ಎಲ್ಲಿ ಬಂದಿತ್ತು ಅಂತ ಯಾರೂ ಕೇಳಲಿಲ್ಲ.

ಪೋಲ್‌ಡೈವ್_85 (7:20)

ಥೋ. ಆ ಸಲ ಜೆರ್ಸಿಗೆ ದುಡ್ಡು ಬೇಕೇನು ಅಂತ ನಾನು ಫೋನ್ ಮಾಡಿ ಕೇಳಿದ್ದೆ. ಬೇಡ, ಹುಡುಗರಿಗೆ ಬನಿಯನ್ನೇ ಹಗುರ ಅಂದಿದ್ರು.

ಹೊಳೆದಂಡೆ (8:45)

ಓದಿದೆ. 2008ರ ಕೊನೆಗೆ ನಾವು ಜಮೀನು ಮಾರಿ ಹರಿಹರಕ್ಕೆ ಬಂದ್ವಿ, ಹಾಗಾಗಿ ಆ ಸುದ್ದಿ ನನಗೆ ಗೊತ್ತಿರಲಿಲ್ಲ. ಬರೆದಿದ್ದಾರೆ, ಒಪ್ಪಿದೆ. ಅದರ ಬೆಲೆ ಕೊಟ್ಟಿದ್ದಾರೆ, ಅದನ್ನೂ ಒಪ್ಪಿದೆ.

ಆದ್ರೆ ಆ ಎರಡು ವರ್ಷ ಸುಮ್ಮನಿದ್ದದ್ದು ಸುಳ್ಳಾಗಲ್ಲ. ಆ ಎರಡು ವರ್ಷದಲ್ಲೇ ನಮ್ಮ ಬಾವಿ ಹೋದದ್ದು. ಪುಟ ಸಿಕ್ರೆ ಒಂದು ಫೋಟೋ ತೆಗೆದು ಕಳಿಸಿ. ನಮ್ಮಣ್ಣನಿಗೆ ತೋರಿಸಬೇಕು.

ಬೈಲೈನ್ ಇಲ್ಲದವನು (8:50)

ಕಳಿಸಿದ್ದೇನೆ. ನಿಮ್ಮ ಸರ್ವೆ ನಂಬರ್ ಮೂರನೇ ಪ್ಯಾರಾದಲ್ಲಿ ಇರಬಹುದು, ನೋಡಿಕೊಳ್ಳಿ.

ಹಳೇ ಡೈರಿ (9:30)

ಅವರ ಸುದ್ದಿಯಲ್ಲಿ ಒಂದು ವಿಚಿತ್ರ ಇತ್ತು, ಆಗ ಸಿಟ್ಟು ಬರ್ತಿತ್ತು. ನಾವು ಹುಡುಗರು ಗೆದ್ದರೆ ಸ್ಕೋರ್ ಮಾತ್ರ. ಸೋತ ತಂಡದಲ್ಲಿ ಯಾವನು ಚೆನ್ನಾಗಿ ಓಡಿದನೋ ಅವನ ಹೆಸರು, ಎಷ್ಟು ಹೊತ್ತು ನಿಂತ ಅನ್ನೋದು. "ಮೂರು ನಿಮಿಷ ಹತ್ತು ಸೆಕೆಂಡ್ ಔಟಾಗದೆ ಆಡಿ ಗಮನ ಸೆಳೆದನು" ಅಂತ. ನಾವು ಕೇಳಿದ್ವಿ, ನಮ್ಮ ಬಗ್ಗೆ ಯಾಕೆ ಬರೆಯಲ್ಲ ಅಂತ. "ನಾನೇ ಕಲಿಸಿ ನಾನೇ ಹೊಗಳಿದ್ರೆ ಅದು ಸುದ್ದಿಯಲ್ಲ ಕಣೋ, ಜಾಹೀರಾತು. ಜಾಹೀರಾತಿಗೆ ದುಡ್ಡು ಕಟ್ಟಬೇಕಾಗುತ್ತೆ." ಇದರಿಂದ ಆದದ್ದೇನಪ್ಪ ಅಂದ್ರೆ, ಸುತ್ತಲ ಊರಿನ ಹುಡುಗರಿಗೆಲ್ಲ ನಮ್ಮ ಕೈಲಿ ಸೋಲೋಕೆ ಬೇಜಾರೇ ಇರಲಿಲ್ಲ. ಪೇಪರಲ್ಲಿ ಹೆಸರು ಬರುತ್ತಲ್ಲ!

ಕೋಪ ಮಾತ್ರ ವಿಪರೀತ. ಖೋ ತಡವಾಗಿ ಕೊಟ್ಟರೆ, ಬೆನ್ನು ಮುಟ್ಟಿ ಬಾಯಲ್ಲಿ ಹೇಳದೆ ಇದ್ರೆ, ಫೌಲ್ ಆಗೋ ಮೊದಲೇ ಅವರ ಚಪ್ಪಲಿ ಹಾರಿ ಬರ್ತಿತ್ತು. ಒಮ್ಮೆ ಹೆಡ್‌ಮಾಸ್ಟರ್ ಕಾಲ ಬುಡಕ್ಕೆ ಹೋಗಿ ಬಿತ್ತು.

ನಂ.7 (9:41)

ಹುಡುಗಿಯರ ಮೇಲೆ ಎಸೀತಿರಲಿಲ್ಲ. ನಮಗೆ ಬೈಗುಳ ಮಾತ್ರ. ಅದು ಚಪ್ಪಲಿಗಿಂತ ಜೋರಾಗಿ ತಾಗ್ತಿತ್ತು.

ಮಿಡ್ಲ್‌ಬೆಂಚ್ (10:15)

ಕಡೆಯದಾಗಿ ನಾನು ಅವರ ಜೊತೆ ಕೂತು ಆಟ ನೋಡಿದ್ದು 2025ರ ಜನವರಿ 19, ದೆಹಲಿಯಲ್ಲಿ ಖೋ ಖೋ ವಿಶ್ವಕಪ್ ಫೈನಲ್. ಮೊದಲ ವಿಶ್ವಕಪ್, ಎರಡೂ ಕಪ್ ನಮ್ಮವೇ. ಹೆಂಗಸರು ನೇಪಾಳದ ಮೇಲೆ 78-40, ಗಂಡಸರೂ ನೇಪಾಳದ ಮೇಲೇ 54-36. ನನ್ನ ಮೊಬೈಲು, ಅವರ ಭೂತಗನ್ನಡಿ.

ಬರೀ ತಕರಾರು. ಮ್ಯಾಟ್ ಮೇಲೆ ಆಡೋದು ಖೋ ಖೋನೇ ಅಲ್ಲವಂತೆ. ಮೊಣಕಾಲು ಕೆತ್ತದ ಮೇಲೆ ಅದೆಂಥ ಡೈವು? ಒಂಬತ್ತು ಜನರ ಆಟವನ್ನ ಏಳು ಜನಕ್ಕೆ ಇಳಿಸಿದ್ದಾರೆ, ಟಿವಿಯವರಿಗೆ ಅವಸರ, ಅಂತ. ಹಂಗೆ ಗೊಣಗ್ತಾ ಇದ್ದವರು ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ ಚೈತ್ರಾ ಕಾಣಿಸಿದಾಗ ಮಾತು ನಿಲ್ಲಿಸಿದ್ರು. ಆಮೇಲೆ ನನ್ನ ಕಡೆ ತಿರುಗಿ, "ಮೈಸೂರಿನ ಪತ್ರಿಕೆಯವರು ನಾಳೆ ಅವಳ ಊರಿನ ಹೆಸರು ಸರಿಯಾಗಿ ಹಾಕ್ತಾರಾ ನೋಡು. ಕುರುಬೂರು. ಕುರುಬರೂ ಅಂತ ಆಗಬಾರದು" ಅಂದ್ರು. ಮಾರನೇ ದಿನ ಬೆಳಗ್ಗೆ ನಾಲ್ಕು ಪೇಪರ್ ತರಿಸಿ ಚೆಕ್ ಮಾಡಿದ್ರಂತೆ.

ಅವರ ಮಗಳು (ಮಧ್ಯಾಹ್ನ 2:20)

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಎಲ್ಲ ಓದುತ್ತಿದ್ದೇನೆ, ಅಮ್ಮನಿಗೂ ಓದಿ ಹೇಳುತ್ತಿದ್ದೇನೆ.

ಹೊಳೆದಂಡೆ ಅಣ್ಣ, ನೀವು ಬರೆದದ್ದಕ್ಕೆ ಬೇಜಾರಿಲ್ಲ. ಅಪ್ಪಾಜಿ ಎರಡು ವರ್ಷ ಸುಮ್ಮನಿದ್ದದ್ದು ನಿಜ. ಮನೆಯಲ್ಲಿ ಅಮ್ಮನೂ ಅದನ್ನೇ ಕೇಳುತ್ತಿದ್ದರು. ಬರೆದರೆ ಹುಡುಗರನ್ನು ರಾಜ್ಯಮಟ್ಟಕ್ಕೆ ಕರೆದುಕೊಂಡು ಹೋಗಲು ಬಸ್ ಚಾರ್ಜ್ ಯಾರು ಕೊಡ್ತಾರೆ ಅಂತಿದ್ದರು. 2009ರಲ್ಲಿ ಯಾಕೆ ಬರೆದರು ಅಂತಲೂ ಅಮ್ಮನಿಗೆ ಗೊತ್ತು. ಆ ಜನವರಿಯಲ್ಲಿ ಹೊಳೆಯ ಗುಂಡಿಯಲ್ಲಿ ಈಜಲು ಇಳಿದ ಒಬ್ಬ ಹುಡುಗ ಮುಳುಗಿದ. ಅವನು ಪೇಪರ್ ಹಾಕುತ್ತಿದ್ದವನು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ. ಅವನ ಮನೆಯವರು ಇನ್ನೂ ಊರಲ್ಲೇ ಇದ್ದಾರೆ. ಪ್ರತಿ ತಿಂಗಳ ಮೊದಲ ವಾರ ಅಪ್ಪಾಜಿ ಅವರ ಮನೆಗೆ ಹೋಗಿಬರುತ್ತಿದ್ದರು.

ಬಾಕಿ ಪಟ್ಟಿ ಸಿಕ್ಕಿದೆ. ಸುಣ್ಣದಗೆರೆ ಅಣ್ಣ, ನಿಮ್ಮ ತಂದೆಯದು 1994ರಿಂದ ಇದೆ :) ಕೊಡುವುದೇನೂ ಬೇಡ.

ಹೊಳೆದಂಡೆ (2:48)

ತಂಗಿ, ಭಾನುವಾರ ನಾನೂ ನಮ್ಮಣ್ಣನೂ ಬರ್ತೀವಿ. ಆಟ ಬರಲ್ಲ. ನೀರು, ಮಜ್ಜಿಗೆ ನಮ್ಮದು.

ಸುಣ್ಣದಗೆರೆ (3:05)

ಬಾಕಿ ಭಾನುವಾರ ತರ್ತೀನಿ ತಂಗಿ, ಬೇಡ ಅನ್ನಬೇಡ.

ಇನ್ನು ಆಟದ ಏರ್ಪಾಡು. ಈವರೆಗೆ ಇಪ್ಪತ್ತಾರು ಜನ ಬರ್ತೀನಿ ಅಂದಿದ್ದಾರೆ. ಎರಡು ತಂಡಕ್ಕೆ ಆಗಿ ಮಿಗುತ್ತೆ. ಒಂಬತ್ತು ನಿಮಿಷದ ಇನಿಂಗ್ಸ್ ನಮ್ಮ ವಯಸ್ಸಿಗೆ ಆಗಲ್ಲ, ಐದು ಮಾಡೋಣ. ಮೈದಾನದಲ್ಲಿ ಕಂಬ ಇಲ್ಲ, ಹೈಸ್ಕೂಲಿನವರ ಅನುಮತಿ ಸಿಕ್ಕಿದೆ. ಸುಣ್ಣದ ಪುಡಿ ಎರಡು ಚೀಲ ನಾನು ತರ್ತೀನಿ. ಅಳೆಯೋಕೆ ಉದ್ದದ ಟೇಪ್ ಯಾರ ಹತ್ರ ಇದೆ? 27 ಮೀಟರ್ ಉದ್ದ, 16 ಅಗಲ, ಕಂಬದಿಂದ ಕಂಬಕ್ಕೆ 24.

ಮಸ್ಕತ್ ಮಾವ (3:11)

ಕಂಬಕ್ಕೆ ನಮ್ಮ ತಮ್ಮನಿಗೆ ಹೇಳಿದ್ದೀನಿ, ಶನಿವಾರ ತೋಟದಿಂದ ಕಡಿದು ತರ್ತಾನೆ. ಅಡಿಕೆ.

ಮಿಡ್ಲ್‌ಬೆಂಚ್ (3:12)

ಮಾವ, ಉಜ್ಜುಕಾಗದ ಹಾಕಿ ಉಜ್ಜಿಸಿ ಆದ್ರೂ ತರಿಸಿ.

ಪೋಲ್‌ಡೈವ್_85 (3:20)

ಟೇಪ್ ಯಾಕೆ? ಮೇಷ್ಟ್ರದ್ದು ಗಂಟಿನ ಹಗ್ಗ ಇತ್ತಲ್ಲ. ಸಾಲಿನ ಅಳತೆಗೆ ಒಂದು ಗಂಟು, ಕಂಬಕ್ಕೆ ಜೋಡಿ ಗಂಟು. ಎರಡು ಹುಡುಗರು ಎಳೆದು ಹಿಡಿದ್ರೆ ಹತ್ತು ನಿಮಿಷದಲ್ಲಿ ಅಂಕಣ ರೆಡಿ. ಅದು ಇನ್ನೂ ಇದೆಯೇನಮ್ಮ?

ಅವರ ಮಗಳು (4:02)

ಇದೆ. ಹಿತ್ತಲಲ್ಲಿ ಅಮ್ಮ ಬಟ್ಟೆ ಒಣಹಾಕಲು ಕಟ್ಟಿಕೊಂಡಿದ್ದಾರೆ. ಶನಿವಾರ ಸಂಜೆ ಬಿಚ್ಚಿಡುತ್ತೇನೆ, ಯಾರಾದರೂ ಬಂದು ತೆಗೆದುಕೊಂಡು ಹೋಗಿ. ಸೋಮವಾರ ಬೆಳಗ್ಗೆ ವಾಪಸ್ ಬೇಕಂತೆ.